ಗಿಯೋನ್ ಮತ್ಸುರಿಯ ತೇರು ಎಳೆಯುವವರು ಯಾರು, ಸೀಟು ಮಾರುವವರು ಯಾರು?

ಕಾಮೋ_ದಂಡೆ

ಜುಲೈ ಹತ್ತಿರ ಬಂದ ಹಾಗೆ ಊರಿಂದ ಮೆಸೇಜ್‌ಗಳು ಶುರುವಾಗುತ್ತವೆ. "ಕ್ಯೋಟೋಗೆ ಬರ್ತಾ ಇದ್ದೀವಿ, ಗಿಯೋನ್ ಮತ್ಸುರಿ ನೋಡೋಕೆ ಒಳ್ಳೆ ಸೀಟು ಎಲ್ಲಿ ಸಿಗುತ್ತೆ?" ಸೀಟಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಈ ಹಬ್ಬವನ್ನು ಯಾರು ನಡೆಸುತ್ತಿದ್ದಾರೆ ಅನ್ನೋದರ ಬಗ್ಗೆ ಇಲ್ಲಿ ಮಾತಾಡಬೇಕು ಅನ್ನಿಸಿತು. 2023ರಲ್ಲಿ ಇಲ್ಲಿನ ಮೆರವಣಿಗೆಗೆ 4 ಲಕ್ಷ ಯೆನ್ ಬೆಲೆಯ ಸೀಟು ಮಾರಿದರು. ಮರುವರ್ಷ ಬೆಲೆ ಇಳಿಸಿದರು. ಆದರೂ ಈ ಹಬ್ಬ ಸೇರಿದ ಯಾಸಾಕಾ ದೇವಸ್ಥಾನದ ಮುಖ್ಯ ಅರ್ಚಕರು ಹಬ್ಬ ಅನ್ನೋದು ಶೋ ಅಲ್ಲ ಅಂತ ಬಹಿರಂಗವಾಗಿಯೇ ಹೇಳಿದರು. ಸೀಟು ಮಾರುವ ಪ್ರವಾಸೋದ್ಯಮ ಸಂಘದಲ್ಲಿ ಅವರಿಗಿದ್ದ ಸ್ಥಾನವನ್ನೂ ಬಿಟ್ಟರು.

ಹಬ್ಬ ಶುರುವಾಗಿದ್ದು 869ರಲ್ಲಿ. ಊರಿಗೆ ಸಾಂಕ್ರಾಮಿಕ ರೋಗ ಬಂದಿತ್ತು. ಆಗ ಜಪಾನಿನಲ್ಲಿದ್ದ 66 ಪ್ರಾಂತ್ಯಗಳ ಲೆಕ್ಕಕ್ಕೆ 66 ಭರ್ಜಿ ನೆಟ್ಟು, ಮುನಿದ ಆತ್ಮಗಳನ್ನು ಶಾಂತ ಮಾಡಿದರು. ಕಾಲ ಕಳೆದ ಹಾಗೆ ಆ ಭರ್ಜಿಗಳೇ ತೇರುಗಳಾದವು. ಈಗ ಒಟ್ಟು 34 ಇವೆ. ದೊಡ್ಡವುಗಳ ಎತ್ತರ ಸುಮಾರು 25 ಮೀಟರ್, ತೂಕ 12 ಟನ್ ಹತ್ತಿರ. ಒಂದೊಂದು ತೇರೂ ಒಂದೊಂದು ಕೇರಿಯದು. ಕೇರಿ ಅಂದರೆ ಪೇಟೆಯ ನಡುವಿನ ಒಂದು ಬೀದಿ, ಅದರ ಎರಡೂ ಬದಿಯ ಮನೆ ಅಂಗಡಿಗಳು. ಅಷ್ಟೇ ಜನ. ದೇವಸ್ಥಾನ ತೇರು ಕಟ್ಟುವುದಿಲ್ಲ, ಸರ್ಕಾರವೂ ಕಟ್ಟುವುದಿಲ್ಲ.

ಜುಲೈ 10ರ ಸುಮಾರಿಗೆ ಬಡಗಿಗಳು ಬೀದಿಯಲ್ಲೇ ಕಟ್ಟೋಕೆ ಶುರು ಮಾಡುತ್ತಾರೆ. ತೇರಿನ ಚೌಕಟ್ಟಿಗೆ ಮೊಳೆ ಹೊಡೆಯುವುದಿಲ್ಲ, ಬರೀ ಹುಲ್ಲಿನ ಹಗ್ಗ. ಮರದ ಕೀಲುಗಳಿಗೆ ಹಗ್ಗವನ್ನು ಸುತ್ತು ಮೇಲೆ ಸುತ್ತು ಹಾಕಿ ಬಿಗಿಯುತ್ತಾರೆ. ಕೆಲಸ ಮುಗಿದ ಮೇಲೆ ಆ ಸುತ್ತುಗಳ ವಿನ್ಯಾಸ ನೋಡುವುದಕ್ಕೇ ಒಂದು ಹಬ್ಬ. ತೇರು ತಿರುಗುವಾಗ ಈ ಹಗ್ಗ ಸ್ವಲ್ಪ ಬಾಗಿಕೊಡುತ್ತದೆ. ಅದಕ್ಕೇ ಮರ ಸೀಳುವುದಿಲ್ಲ. 17ನೇ ತಾರೀಖು ಮೆರವಣಿಗೆ ಮುಗಿದ ತಕ್ಷಣ ಎಲ್ಲವನ್ನೂ ಬಿಚ್ಚುತ್ತಾರೆ. ಬೀದಿಯ ಕೆಡುಕನ್ನೆಲ್ಲ ತೇರು ಮೈಗೆ ಎಳೆದುಕೊಂಡಿರುತ್ತೆ, ಹಾಗಾಗಿ ಇಟ್ಟುಕೊಳ್ಳಬಾರದು ಅನ್ನೋದು ನಂಬಿಕೆ.

ನನ್ನ ಪ್ರಶ್ನೆ ಇಷ್ಟು. ಈ ಕೆಲಸ ಮಾಡುವ ಜನರಿಗೆ ಪ್ರವಾಸಿಗರಿಂದ ಬಲ ಸಿಗುತ್ತಿದೆಯಾ, ಇಲ್ಲ ಹಬ್ಬ ಅವರ ಕೈ ತಪ್ಪುತ್ತಿದೆಯಾ?

ಪಯಣಿಗ_ಪುತ್ತೂರು

ಸಾರ್, ನಾನು ಹೋದ ವರ್ಷ ಸಾಮಾನ್ಯ ಸೀಟು ತಗೊಂಡು ಓಇಕೆ ರಸ್ತೆಯಲ್ಲಿ ಕೂತು ನೋಡಿದೆ. ಕೆಲವು ಸಾವಿರ ಯೆನ್ ಆಯ್ತು. ಬಿಸಿಲು ವಿಪರೀತ, ಆದರೂ ಕೊಟ್ಟ ದುಡ್ಡಿಗೆ ಬೇಜಾರಾಗಲಿಲ್ಲ. ನಮ್ಮಂಥವರು ದುಡ್ಡು ಕೊಡದಿದ್ದರೆ ಹಬ್ಬ ನಡೆಯೋದು ಹೇಗೆ? ಭಕ್ತಿಯಿಂದಲೇ ಎಲ್ಲ ನಡೆಯಬೇಕು ಅನ್ನೋದು ದೂರ ಕೂತವರ ಮಾತು. ಮರಕ್ಕೆ, ಹಗ್ಗಕ್ಕೆ, ಪೊಲೀಸ್ ಬಂದೋಬಸ್ತಿಗೆ, ಎಲ್ಲಕ್ಕೂ ಖರ್ಚಿದೆ ಅಲ್ವಾ.

ಕಾಮೋ_ದಂಡೆ

ಪಯಣಿಗರೇ, ನೀವು ಕೊಟ್ಟ ದುಡ್ಡು ಹಬ್ಬಕ್ಕೆ ಸೇರುತ್ತೆ, ಅದು ಒಳ್ಳೆಯದೇ. ನೀವು ಕೂತ ಓಇಕೆ ರಸ್ತೆಯ ಕಥೆಯನ್ನೂ ಕೇಳಿ. ಹಳೇ ಮೆರವಣಿಗೆ ಅಲ್ಲಿ ಹೋಗುತ್ತಲೇ ಇರಲಿಲ್ಲ. ಮತ್ಸುಬಾರಾ ಅನ್ನೋ ಇಕ್ಕಟ್ಟಾದ ಬೀದಿಯಲ್ಲಿ ಹೋಗುತ್ತಿತ್ತು. ಎರಡೂ ಕಡೆಯ ಮನೆಗಳ ಮಹಡಿ ಮೇಲಿನವರಿಗೆ ತೇರು ಕೈಗೆಟಕುವಷ್ಟು ಹತ್ತಿರ. ಓಇಕೆ ಅಗಲವಾಗಿದ್ದು ಎರಡನೇ ಮಹಾಯುದ್ಧದ ಸಮಯದಲ್ಲಿ, ಬೆಂಕಿ ಹರಡದಿರಲಿ ಅಂತ ಮನೆಗಳನ್ನು ಕೆಡವಿದಾಗ. 1956ರಲ್ಲಿ ನಗರಾಡಳಿತ ಮೆರವಣಿಗೆಯನ್ನು ಆ ಕಡೆ ತಿರುಗಿಸಿತು. ಅಲ್ಲಿ ಸೀಟು ಹಾಕೋಕೆ ಜಾಗ ಇತ್ತು. ದೇವಸ್ಥಾನ ಆಗಲೂ ಒಪ್ಪಿರಲಿಲ್ಲ.

1966ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಮೊದಲು ಎರಡು ಮೆರವಣಿಗೆ ಇದ್ದವು, 17ಕ್ಕೊಂದು, 24ಕ್ಕೊಂದು. ಟ್ರಾಫಿಕ್ಕು, ಪ್ರವಾಸೋದ್ಯಮ ಅಂತ ಎರಡನ್ನೂ ಒಂದೇ ದಿನಕ್ಕೆ ಸೇರಿಸಿದರು. ಸುಮಾರು ಅರ್ಧ ಶತಮಾನ ಹಾಗೇ ನಡೆಯಿತು.

ಲೆಕ್ಕದ_ಮನೆ

ದುಡ್ಡಿನ ದಾರಿ ಯಾವುದು ಅಂತ ಸರಿಯಾಗಿ ನೋಡಬೇಕು. ಜಪಾನಿನ ಸಂವಿಧಾನದ 20 ಮತ್ತು 89ನೇ ವಿಧಿಗಳ ಪ್ರಕಾರ ಧಾರ್ಮಿಕ ಸಂಸ್ಥೆಗೆ ಸಾರ್ವಜನಿಕ ಹಣ ಕೊಡುವ ಹಾಗಿಲ್ಲ. ಹಾಗಾದರೆ ನಗರಾಡಳಿತ ಹೇಗೆ ಕೊಡುತ್ತೆ? ತೇರು ಸಾಂಸ್ಕೃತಿಕ ಆಸ್ತಿ ಅಂತ ಕೊಡುತ್ತೆ. ತೇರುಗಳ ಮೆರವಣಿಗೆ 1979ರಲ್ಲಿ ಮುಖ್ಯ ಜಾನಪದ ಪರಂಪರೆ ಅಂತ ಸರ್ಕಾರದ ಪಟ್ಟಿಗೆ ಸೇರಿತು. 2009ರಲ್ಲಿ ಯುನೆಸ್ಕೋ ಪಟ್ಟಿಗೂ ಬಂತು. 2016ರಲ್ಲಿ ಅದರ ಜೊತೆ ತಕಾಯಾಮಾ, ಚಿಚಿಬು ಮುಂತಾದ ಊರುಗಳ ತೇರುಹಬ್ಬಗಳನ್ನೂ ಸೇರಿಸಿ 33 ಹಬ್ಬಗಳ ಒಂದು ಗುಂಪು ಮಾಡಿದರು. 1992ರಲ್ಲಂತೂ ಜಾನಪದ ಕಲೆ ಬಳಸಿ ಪ್ರವಾಸೋದ್ಯಮ, ಸ್ಥಳೀಯ ವ್ಯಾಪಾರ ಬೆಳೆಸೋಕೆ ಅಂತಲೇ ಒಂದು ಕಾನೂನು ತಂದರು. ಜನ ಅದನ್ನು ಹಬ್ಬದ ಕಾನೂನು ಅಂತಲೇ ಕರೆದರು.

ಅಂದರೆ ದುಡ್ಡಿಗೆ ಎರಡು ಬಾಗಿಲು, ಪರಂಪರೆ ಒಂದು, ಪ್ರವಾಸ ಇನ್ನೊಂದು. ಪೂಜೆಗೆ ಬಾಗಿಲಿಲ್ಲ. ಇದರಿಂದ ಒಂದು ಕಷ್ಟ ಇದೆ. ಕಾಗದದ ಮೇಲೆ ಪ್ರತಿ ವರ್ಷ ಹಬ್ಬವನ್ನು ಪ್ರದರ್ಶನ ಅಂತ ಬರೆಯುತ್ತಾ ಹೋದರೆ, ಸ್ವಲ್ಪ ಸ್ವಲ್ಪವಾಗಿ ಅದು ಪ್ರದರ್ಶನವೇ ಆಗಿಬಿಡುತ್ತೆ.

ಕಾಮೋ_ದಂಡೆ

ಬಾಗಿಲಿನ ಮಾತು ಸರಿ ಇದೆ. ಹಳೇ ಕಾಲದಲ್ಲಿ ಏನಿತ್ತು ಅಂತ ಸೇರಿಸುತ್ತೇನೆ. ತೇರಿನ ಕೇರಿಗಳಿಗೆ ಅಕ್ಕಪಕ್ಕದ ತೇರಿಲ್ಲದ ಕೇರಿಗಳು ಪಾಲು ಕೊಡಬೇಕಿತ್ತು. ಯಾವ ಕೇರಿ ಯಾವ ತೇರಿಗೆ ಕೊಡಬೇಕು ಅಂತ ಮೊದಲೇ ಗೊತ್ತಾಗಿರುತ್ತಿತ್ತು. ಮೇಜಿ ಚಕ್ರವರ್ತಿಯ ಹೊಸ ಸರ್ಕಾರ ಬಂದ ಮೇಲೆ 1872ರಲ್ಲಿ ಆ ವ್ಯವಸ್ಥೆ ನಿಂತಿತು. 1875ರಲ್ಲಿ ದೇವಸ್ಥಾನದ ಒಕ್ಕಲಿನವರೇ ಸೇರಿ ಚಂದಾ ಸಂಘ ಕಟ್ಟಿಕೊಂಡರು. ಹಾಗಾಗಿ ಊರವರು ಹೊರೆ ಹೊರುವುದು ಈಗಿನ ಯೋಜನೆ ಅಲ್ಲ, ಮೂಲದಿಂದಲೂ ಅದೇ ಪದ್ಧತಿ.

1533ರ ಸಂಗತಿ ನನಗೆ ತುಂಬಾ ಇಷ್ಟ. ಆ ವರ್ಷ ಮೇಲಿನಿಂದ ದೇವರ ಕಾರ್ಯ ನಿಲ್ಲಿಸಿ ಅಂತ ಆಜ್ಞೆ ಬಂತು. ಪೇಟೆಯ ಜನ ಬರೆದುಕೊಟ್ಟಿದ್ದು ಏನು ಗೊತ್ತಾ? ದೇವರ ಕಾರ್ಯ ಇಲ್ಲದಿದ್ದರೂ ಸರಿ, ತೇರು ಮಾತ್ರ ಹೊರಡಬೇಕು ಅಂತ. ಐನೂರು ವರ್ಷದ ಹಿಂದೆಯೇ ವರ್ತಕರಿಗೆ ತೇರು ತಮ್ಮದು ಅನ್ನಿಸಿತ್ತು.

ಶಿರಸಿ_ಸುಮಾ

ಹಾಗಾದ್ರೆ ಆ ಅರ್ಚಕರ ಮಾತಿಗಿಂತ ಪೇಟೆಯವರ ಮಾತೇ ಹಳೇದಾಯ್ತಲ್ಲ! ತೇರು ಮೊದಲಿಂದಲೂ ಜನ ನೋಡಲಿ ಅಂತಲೇ ಅಲಂಕಾರ ಮಾಡಿದ್ದು. ನೋಡುವವರು ಬಂದರೆ ತಪ್ಪೇನು?

ಕಾಮೋ_ದಂಡೆ

ಸುಮಾ ಅವರೇ, ನೋಡುವವರು ಬರುವುದು ತಪ್ಪು ಅಂತ ಅರ್ಚಕರೂ ಹೇಳಲಿಲ್ಲ. ಬೆಳಗ್ಗೆ ತೇರು ಹೋಗುವುದು ದೇವರ ದಾರಿಯನ್ನು ಶುದ್ಧ ಮಾಡೋಕೆ. ದೇವರು ಹೊರಡುವುದು ಸಂಜೆ. ಮೂರು ಪಲ್ಲಕ್ಕಿಗಳು ಯಾಸಾಕಾದಿಂದ ಇಳಿದು ಶಿಜೋ ಬೀದಿಯ ತಂಗುದಾಣಕ್ಕೆ ಬರುತ್ತವೆ, 24ರವರೆಗೆ ಅಲ್ಲೇ ಇರುತ್ತವೆ. ಪ್ರವಾಸಿಗರಲ್ಲಿ ಬಹಳ ಜನ ಮಧ್ಯಾಹ್ನಕ್ಕೇ ಜಾಗ ಖಾಲಿ ಮಾಡಿರುತ್ತಾರೆ. ಇಡೀ ಹಬ್ಬ ಯಾವುದಕ್ಕಾಗಿಯೋ, ಅದರ ಹೊತ್ತಿಗೆ ಸೀಟು ಹಾಕಿದವರೂ ಇರುವುದಿಲ್ಲ, ಕೂತವರೂ ಇರುವುದಿಲ್ಲ. ಬೆಳಗಿನ ಮೆರವಣಿಗೆಯನ್ನು ಕತ್ತರಿಸಿ ತೆಗೆದು, ಊಟ ಮದ್ಯದ ಜೊತೆ ಮಾರಿದರೆ ಅವರಿಗೆ ನೋವಾಗದೆ ಇರುತ್ತಾ?

ನೇಯ್ಗೆ_ಮನೆತನ

ನಾನು ಬಟ್ಟೆ ನೇಯ್ಗೆಯ ಕೆಲಸದವನು. ಈ ತೇರುಗಳಿಗೆ ಹೊದಿಸುವ ಬಟ್ಟೆಗಳ ವಿಷಯ ಯಾರೂ ಹೇಳಲಿಲ್ಲ. ಕಾಂಕೋ ಅನ್ನೋ ತೇರಿನ ಮುಂದೆ ಕಟ್ಟುವುದು 16ನೇ ಶತಮಾನದ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಕಡೆಯ) ನೇಯ್ಗೆ. ಅದರಲ್ಲಿರುವುದು ಬೈಬಲ್ ಕಥೆಯ ದೃಶ್ಯ! ಕ್ರೈಸ್ತ ಮತಕ್ಕೆ ನಿಷೇಧ ಇದ್ದ ಕಾಲದಲ್ಲೂ ಅದು ಶಿಂತೋ ಹಬ್ಬದಲ್ಲಿ ಮೆರೆಯಿತು. ನಮಗೆ ಹತ್ತಿರದ್ದು ಇನ್ನೊಂದಿದೆ. ಈ ಕೇರಿಗಳಲ್ಲಿ ಭಾರತದ ರತ್ನಗಂಬಳಿಗಳಿವೆ. ಕೆಲವನ್ನು ದಖ್ಖನ್ನಿನಲ್ಲಿ ನೇಯ್ದದ್ದು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಡಚ್ ಕಂಪನಿಯ ಹಡಗಿನಲ್ಲಿ ನಾಗಸಾಕಿಗೆ ಹೋಗಿ, ಅಲ್ಲಿಂದ ಕ್ಯೋಟೋ ವರ್ತಕರ ಕೈಗೆ ಸೇರಿದವು. ನಮ್ಮ ಕಡೆ ಉಳಿಯದ ಬಗೆಯ ಗಂಬಳಿಗಳು ಅಲ್ಲಿ ಬಣ್ಣ ಮಾಸದೆ ಉಳಿದಿವೆ. ವರ್ಷಕ್ಕೆ ಕೆಲವೇ ದಿನ ಬಿಸಿಲಿಗೆ ತೆಗೆಯುತ್ತಾರೆ, ಮಿಕ್ಕ ದಿನ ಕೇರಿಯ ಉಗ್ರಾಣದಲ್ಲಿ ಭದ್ರ.

ಮ್ಯೂಸಿಯಂ ಮಾಡಬೇಕಾದ ಕೆಲಸವನ್ನು ಒಂದು ಬೀದಿಯ ಜನ ಮಾಡಿದ್ದಾರೆ. ಅದಕ್ಕೆ ನಾನು ಕೈ ಮುಗಿಯುತ್ತೇನೆ.

ತೊಕುಶಿಮಾ_ತಂಗಿ

ನಾನು ಶಿಕೋಕು ದ್ವೀಪದಲ್ಲಿದ್ದೀನಿ. ನಮ್ಮ ಊರಿನ ಅವಾ ಓದೋರಿ ಗಿಯೋನ್ ಹಾಗೆ ದೇವಸ್ಥಾನದ ಹಬ್ಬ ಅಲ್ಲ, ಪಿತೃಗಳ ಬೋನ್ ಹಬ್ಬದ ಕುಣಿತ. ಆಗಸ್ಟ್ 12ರಿಂದ 15. ಇಲ್ಲಿ ಆಗಿದ್ದನ್ನು ಹೇಳುತ್ತೇನೆ, ಕಾಮೋ ಅಣ್ಣನ ಪ್ರಶ್ನೆಗೆ ಉತ್ತರ ಅದರಲ್ಲಿದೆ.

ಟಿಕೆಟ್ ಸೀಟಿನ ಅಂಕಣಗಳು, ಜಾಹೀರಾತು ಎಲ್ಲ ದೊಡ್ಡದಾಗಿ ನಡೀತಿತ್ತು. ಆದರೂ ನಡೆಸುತ್ತಿದ್ದ ಪ್ರವಾಸೋದ್ಯಮ ಸಂಘದ ಸಾಲ 40 ಕೋಟಿ ಯೆನ್ ದಾಟಿತ್ತು. 2018ರಲ್ಲಿ ನಗರಾಡಳಿತವೇ ಆ ಸಂಘವನ್ನು ದಿವಾಳಿ ಅಂತ ಘೋಷಿಸಿ ಅಂತ ಕೋರ್ಟಿಗೆ ಹೋಯಿತು. ಹೊಸ ಸಮಿತಿ ಬಂತು. ಹೆಸರಾಂತ ತಂಡಗಳೆಲ್ಲ ಕೊನೆಗೆ ಒಂದಾಗಿ ಕುಣಿಯುವ ದೊಡ್ಡ ಕುಣಿತ ಒಂದಿದೆ. ಎಲ್ಲರೂ ಅದನ್ನೇ ನೋಡೋಕೆ ಹೋಗ್ತಾರೆ, ಬೇರೆ ಅಂಕಣದ ಟಿಕೆಟ್ ಉಳಿಯುತ್ತೆ ಅಂತ ಸಮಿತಿ ಅದನ್ನೇ ರದ್ದು ಮಾಡಿತು. ಲೆಕ್ಕದ ಪ್ರಕಾರ ಸರಿ ಇರಬಹುದು. ಕುಣಿಯುವವರಿಗೆ ಹೊಟ್ಟೆ ಉರಿಯಿತು. ಆಗಸ್ಟ್ 13ರ ರಾತ್ರಿ ಅವರು ಸಮಿತಿಯ ಮಾತು ಮೀರಿ, ಟಿಕೆಟ್ ಇಲ್ಲದ ಬೀದಿಯಲ್ಲೇ ಒಂದಾಗಿ ಕುಣಿದರು. ಸಾವಿರಕ್ಕೂ ಹೆಚ್ಚು ಜನ. ಆ ವರ್ಷ ಹಬ್ಬಕ್ಕೆ ಬಂದವರ ಸಂಖ್ಯೆ ಕುಸಿಯಿತು.

ಇಲ್ಲಿ ಒಂದೊಂದು ತಂಡದವರೂ ವರ್ಷವಿಡೀ ಅಭ್ಯಾಸ ಮಾಡ್ತಾರೆ. ಆಫೀಸ್ ಮುಗಿಸಿ ಬಂದು ಪಾರ್ಕಿನಲ್ಲಿ ಕಾಲು ಹಾಕ್ತಾರೆ. ಬಟ್ಟೆ, ಶಾಮಿಸೆನ್ ಅನ್ನೋ ತಂತಿವಾದ್ಯ, ಡೋಲು ಎಲ್ಲ ಸ್ವಂತ ದುಡ್ಡು. ಅವರನ್ನು ಕೇಳದೆ ಹಬ್ಬದ ಆಕಾರ ಬದಲಿಸಿದರೆ ಅವರು ಸುಮ್ನೆ ಇರಲ್ಲ, ಇರಬಾರದು ಕೂಡ.

ಲೆಕ್ಕದ_ಮನೆ

ತಂಗಿ, ನೋವು ಅರ್ಥವಾಗುತ್ತೆ. ಆದರೆ 40 ಕೋಟಿ ಸಾಲ ಯಾರು ತೀರಿಸಬೇಕು? ಹಬ್ಬ ನೋಡದ ತೆರಿಗೆದಾರನೂ ತೀರಿಸಬೇಕಾ? ದುಬಾರಿ ಸೀಟು ಅಂದ ತಕ್ಷಣ ಎಲ್ಲರೂ ಮುಖ ಸಿಂಡರಿಸುತ್ತಾರೆ. ಆವೊಮೊರಿಯ ನೆಬುತಾ ಹಬ್ಬದಲ್ಲಿ 2022ರಲ್ಲಿ ಎಂಟು ಜನ ಕೂರುವ ಅಂಕಣಕ್ಕೆ 10 ಲಕ್ಷ ಯೆನ್ ಇಟ್ಟರು. ಅವಾ ಓದೋರಿಯಲ್ಲೂ 2023ರಲ್ಲಿ ಒಂದು ಸೀಟಿಗೆ 2 ಲಕ್ಷ. ಕೊಡಬಲ್ಲವರಿಂದ ತಗೊಂಡು ಬಂದೋಬಸ್ತಿನ ಖರ್ಚು ತುಂಬಿಸಿದರೆ, ಬೀದಿಯಲ್ಲಿ ನಿಂತವರು ಪುಕ್ಕಟೆ ನೋಡಬಹುದು. ಇದರಲ್ಲಿ ಅನ್ಯಾಯ ಎಲ್ಲಿದೆ?

ತೊಕುಶಿಮಾ_ತಂಗಿ

ಅನ್ಯಾಯ ಬೆಲೆಯಲ್ಲಿ ಇಲ್ಲ ಅಣ್ಣಾ. ತೀರ್ಮಾನ ಯಾರದು ಅನ್ನೋದರಲ್ಲಿದೆ. ಆ ಸಾಲ ಕುಣಿಯುವವರು ಮಾಡಿದ್ದಲ್ಲ.

ಅಪ್ಪಣ್ಣ_ಸೆಂದಾಯ್

ಆವೊಮೊರಿ ವಿಷಯ ಬಂತಲ್ಲ, ಹೇಳುತ್ತೇನೆ. ನಾನು ಅಲ್ಲಿ ಕುಣಿದಿದ್ದೇನೆ. ಆಗಸ್ಟ್ 2ರಿಂದ 7ರವರೆಗೆ ನೆಬುತಾ. ಮರದ ಚೌಕಟ್ಟಿಗೆ ತಂತಿ ಬಗ್ಗಿಸಿ, ಮೇಲೆ ಕಾಗದ ಅಂಟಿಸಿ, ಒಳಗೆ ದೀಪ ಇಟ್ಟ ದೈತ್ಯ ಯೋಧರು. ಅಗಲ 9 ಮೀಟರ್, ತೂಕ 4 ಟನ್ ಹತ್ತಿರ. ದೊಡ್ಡ ಕಂಪನಿಗಳು, ಸಂಘಗಳು ಖರ್ಚು ಹಾಕುತ್ತವೆ. ಆ ವಿಷಯದಲ್ಲಿ ಅದು ಕೇರಿಯ ಹಬ್ಬ ಅನ್ನೋಕಾಗಲ್ಲ. ಆದರೆ ಒಂದು ನಿಯಮ ನೋಡಿ. ಹಾನೆತೋ ಅಂದರೆ ಅಲ್ಲಿ ಕುಣಿಯುವವರು, ಅವರ ಉಡುಪು ಹಾಕಿಕೊಂಡರೆ ಯಾರು ಬೇಕಾದರೂ ಒಳಗೆ ಸೇರಿ ಕುಣಿಯಬಹುದು. ಪರ್ಮಿಷನ್ ಬೇಡ. ಉಡುಪು ಬಾಡಿಗೆಗೂ ಸಿಗುತ್ತೆ. ಸೊಂಟಕ್ಕೆ ಗೆಜ್ಜೆ ಕಟ್ಟಿಕೊಂಡು "ರಾಸ್ಸೆರಾ, ರಾಸ್ಸೆರಾ" ಅಂತ ಕೂಗುತ್ತಾ ಹಾರುವುದು. ಪಕ್ಕದಲ್ಲಿದ್ದ ಅಜ್ಜಿ ನನ್ನ ಸೊಂಟಪಟ್ಟಿ ಜಾರಿದ್ದು ನೋಡಿ, ನಿಲ್ಲಿಸಿ, ಬಿಗಿದು ಕಟ್ಟಿ ಕಳಿಸಿದರು. ಪ್ರವಾಸಿಗ ಅಲ್ಲಿ ನೋಡುವವನಾಗಿ ಉಳಿಯಲ್ಲ.

ಇದಕ್ಕೂ ಬೆಲೆ ತೆತ್ತಿದ್ದಾರೆ. 2000ದ ಆಸುಪಾಸಿನಲ್ಲಿ ಕಪ್ಪು ಬಟ್ಟೆಯ ಪುಂಡರ ಗುಂಪುಗಳು ನುಗ್ಗಿ ದೊಡ್ಡ ಗಲಾಟೆ ಆಗುತ್ತಿತ್ತು. ಬಾಗಿಲು ಮುಚ್ಚಿಬಿಡಬಹುದಿತ್ತು. ನಿಯಮ ಬಿಗಿ ಮಾಡಿ ಆದರೂ ಬಾಗಿಲು ತೆರೆದೇ ಇಟ್ಟರು.

ಶಿರಸಿ_ಸುಮಾ

ತೆರೆದ ಬಾಗಿಲು ಅಂತೀರಿ, ಹೆಂಗಸರಿಗೆ? ಗಿಯೋನ್ ತೇರಿಗೆ ಹತ್ತೋಕೆ ಬಿಡಲ್ಲ ಅಂತ ಕೇಳಿದ್ದೆ.

ಕಾಮೋ_ದಂಡೆ

ನಾಗಿನಾತಾ ತೇರಿಗೆ ಈಗಲೂ ಬಿಡುವುದಿಲ್ಲ. ಅದು ಯಾವಾಗಲೂ ಮೊದಲು ಹೋಗುವ ತೇರು. ಅದರ ಮೇಲೆ ಮಾತ್ರ ಜೀವಂತ ಬಾಲಕ ಕೂತು ಖಡ್ಗದಿಂದ ಹಗ್ಗ ಕತ್ತರಿಸುತ್ತಾನೆ. ಬೇರೆ ಕೆಲವು ಕೇರಿಗಳಲ್ಲಿ ಹೆಣ್ಣುಮಕ್ಕಳು ವಾದ್ಯ ನುಡಿಸುತ್ತಾರೆ, ಆಯಾ ಕೇರಿಯವರ ತೀರ್ಮಾನ. ನಾಗಿನಾತಾ ಕೂಡ ಬದಲಾಗಬೇಕು ಅನ್ನೋದು ನನ್ನ ಅಭಿಪ್ರಾಯ. ಐಚಿ ಪ್ರಾಂತ್ಯದ ಕೋನೋಮಿಯಾದಲ್ಲಿ ಗಂಡಸರ ಬೆತ್ತಲೆ ಹಬ್ಬ ಅಂತಲೇ ಹೆಸರಾದದ್ದು ಇದೆ. ಅಲ್ಲೇ 2024ರಲ್ಲಿ ಹೆಂಗಸರು ಮೊದಲ ಸಲ ಸೇರಿದರು. ನಿಲುವಂಗಿ ಹಾಕಿಕೊಂಡು, ಬಟ್ಟೆ ಸುತ್ತಿದ ಬಿದಿರು ಹೊತ್ತು ದೇವಸ್ಥಾನಕ್ಕೆ ತಂದು ಒಪ್ಪಿಸಿದರು.

ಅದೇ 2024ರ ಫೆಬ್ರವರಿ 17ರಂದು ಇನ್ನೊಂದು ಹಬ್ಬ ನಿಂತೇ ಹೋಯಿತು. ಇವಾತೆ ಪ್ರಾಂತ್ಯದ ಕೊಕುಸೆಕಿಜಿ ಬೌದ್ಧ ದೇವಾಲಯದ ಸೋಮಿನ್‌ಸಾಯ್. ಸಾವಿರ ವರ್ಷಕ್ಕೂ ಹಳೇದು ಅನ್ನುತ್ತಾರೆ. ಕೊರೆಯುವ ಚಳಿಯಲ್ಲಿ ಗಂಡಸರು ಹೊಳೆಯಲ್ಲಿ ಮಿಂದು, ತಾಯತ ತುಂಬಿದ ಒಂದು ಚೀಲಕ್ಕಾಗಿ ಬಡಿದಾಡುವ ಹಬ್ಬ. ಟಿವಿ ಬಂತು, ಫೋಟೋ ತೆಗೆಯುವವರು ಬಂದರು, ಹೊರಗಿನಿಂದ ಭಾಗವಹಿಸುವವರೂ ಬಂದರು. ಆದರೆ ಕಾಡಿನಿಂದ ಮರ ತರೋದು, ಆ ಚೀಲ ಹೊಲಿಯೋದು, ತಾಯತ ಕೆತ್ತೋದು ದೇವಾಲಯದ ಕೆಲವೇ ಮನೆತನಗಳ ಕೆಲಸ. ಅವರಿಗೆ ವಯಸ್ಸಾಯಿತು. ಮುಂದಿನವರು ಊರಲ್ಲಿ ಇಲ್ಲ. ಜನ ಸೇರುತ್ತಿದ್ದ ಹಬ್ಬವನ್ನೇ ಮಾಡುವವರಿಲ್ಲದೆ ನಿಲ್ಲಿಸಿದರು.

ಇದು ನನ್ನನ್ನು ಯಾಕೆ ಇಷ್ಟು ಕಾಡುತ್ತೆ ಅಂದರೆ, ಗಿಯೋನ್ ಮತ್ಸುರಿಯ ಚಿಮಾಕಿ ಅನ್ನೋ ತಾಯತದ ಮೂಲವೂ ಅದೇ ಸೋಮಿನ್ ಕಥೆ. ದಾರಿಹೋಕ ದೇವರಿಗೆ ಶ್ರೀಮಂತ ಬಾಗಿಲು ಹಾಕಿದ. ಬಡವ ಸೋಮಿನ್ ನವಣೆ ಅನ್ನ ಹಾಕಿ ಮಲಗಿಸಿದ. ನಿನ್ನ ವಂಶಕ್ಕೆ ಪಿಡುಗು ತಟ್ಟುವುದಿಲ್ಲ ಅಂತ ದೇವರು ಮಾತು ಕೊಟ್ಟ. ಚಿಮಾಕಿ ಅಂದರೆ ಬಿದಿರೆಲೆಯ ಒಂದು ಕಟ್ಟು, ತಿನ್ನುವುದಲ್ಲ, ಬಾಗಿಲ ಮೇಲೆ ನೇತುಹಾಕುವುದು. ಸೋಮಿನ್ ವಂಶದವರು ನಾವು ಅಂತ ಅದರ ಮೇಲೆ ಚೀಟಿ ಇರುತ್ತೆ. ಕಥೆ ಒಂದೇ. ಒಂದು ಕಡೆ ಲಕ್ಷಗಟ್ಟಲೆ ಜನ, ಇನ್ನೊಂದು ಕಡೆ ಬೀಗ.

ಪಯಣಿಗ_ಪುತ್ತೂರು

ಇದು ಓದಿ ಸಂಕಟ ಆಯ್ತು. ಆದರೆ ಕ್ಯೋಟೋ ಪೇಟೆಯಲ್ಲೂ ಈಗ ಮನೆಗಳಿಗಿಂತ ಆಫೀಸು, ಹೋಟೆಲ್ ಜಾಸ್ತಿ ಅಲ್ವಾ? ಅಲ್ಲಿ ಜನ ಎಲ್ಲಿಂದ ಬರ್ತಾರೆ?

ಕಾಮೋ_ದಂಡೆ

ಸರಿಯಾದ ಪ್ರಶ್ನೆ. ಹಳೇ ಮರದ ಮನೆಗಳು ಹೋಗಿ ಕಟ್ಟಡ ಎದ್ದಿವೆ. ಕೆಲವು ಕೇರಿಗಳಲ್ಲಿ ರಾತ್ರಿ ಮಲಗುವವರೇ ಬೆರಳೆಣಿಕೆ. ಅವರು ಮಾಡಿದ್ದು ಏನೆಂದರೆ, ಕೇರಿಯವರು ಯಾರು ಅನ್ನೋ ಗೆರೆಯನ್ನೇ ದೊಡ್ಡದು ಮಾಡಿದರು. ಹೊಸ ಅಪಾರ್ಟ್‌ಮೆಂಟಿನವರನ್ನು ಕರೆದು ಸೇರಿಸಿಕೊಂಡರು. ಹಗ್ಗ ಎಳೆಯೋಕೆ ಕಾಲೇಜು ಹುಡುಗರು, ವಾಲಂಟಿಯರ್‌ಗಳು, ವಿದೇಶಿಯರೂ ಬರುತ್ತಾರೆ. ನನ್ನನ್ನೂ ಚಿಮಾಕಿ ಮೇಜಿನ ಹಿಂದೆ ಕೂರಿಸಿದ್ದರು. ಪಕ್ಕದಲ್ಲಿ ಯುಕಾತಾ ಅನ್ನೋ ಬೇಸಿಗೆಯ ಹತ್ತಿ ಉಡುಪು ಹಾಕಿಕೊಂಡ ಪುಟ್ಟ ಮಕ್ಕಳ ಸಾಲು. ದೇವರಿಗೆ ಒಂದು ಮೇಣದಬತ್ತಿ ಕೊಡಿ ಅಂತ ರಾಗವಾಗಿ ಹಾಡುತ್ತಾರೆ, ಗಂಟೆಗಟ್ಟಲೆ. ಆ ಮಕ್ಕಳಲ್ಲಿ ಕೆಲವರೇ ನಾಳೆ ಮೇಲೆ ಕೂತು ಗಂಟೆ, ಕೊಳಲು, ಡೋಲು ನುಡಿಸುವವರು. ತೇರಿನ ಆದಾಯದ ದೊಡ್ಡ ಪಾಲು ಆ ಮೇಜಿಗೆ ಬರುತ್ತೆ. ಮಧ್ಯೆ ಯಾರೂ ಇಲ್ಲ.

ಕಳೆದುಹೋದ ತೇರುಗಳನ್ನು ವಾಪಸ್ ತಂದದ್ದು ನೋಡಿ. ಓಫುನೆ ಅನ್ನೋ ಹಡಗಿನ ಆಕಾರದ ತೇರು 1864ರ ಬೆಂಕಿಯಲ್ಲಿ ಸುಟ್ಟಿತ್ತು. 2014ರಲ್ಲಿ ಮರಳಿ ಬಂತು. ಅದೇ ವರ್ಷ 24ರ ಮೆರವಣಿಗೆಯನ್ನೂ ಮತ್ತೆ ಬೇರೆ ಮಾಡಿದರು. ಪ್ರವಾಸಿಗರ ಅನುಕೂಲಕ್ಕೆ ಒಂದಾಗಿದ್ದು ಮತ್ತೆ ಎರಡಾಯಿತು! ಆಮೇಲೆ ತಾಕಾಯಾಮಾ ತೇರು, ಆ ಹೆಸರಿನ ಊರಿನದಲ್ಲ, ಇಲ್ಲಿಯದೇ. 1826ರಲ್ಲಿ ಮಳೆಗಾಳಿಗೆ ಹಾಳಾದದ್ದು. ಅಲ್ಲಿಂದ ಕೇರಿಯವರು ಉಳಿದ ಬೊಂಬೆಗಳನ್ನು ಪ್ರತಿ ಜುಲೈ ಮನೆಯೊಳಗೆ ಇಟ್ಟು ಪೂಜಿಸುತ್ತಾ ಬಂದರು. ಮೊದಲು ವಾದ್ಯ ಕಲಿತರು. 2019ರಲ್ಲಿ ಬರೀ ಒಂದು ಪೆಟ್ಟಿಗೆ ಹೊತ್ತು ಮೆರವಣಿಗೆಗೆ ಬಂದರು. ದೇಣಿಗೆ ಕೂಡಿಸಿ ಮರ ಕೊಂಡರು. 2022ರಲ್ಲಿ, 196 ವರ್ಷದ ಮೇಲೆ, ತೇರು ಬೀದಿಗೆ ಇಳಿಯಿತು. ಕೋವಿಡ್‌ನಿಂದ 2020, 2021ರಲ್ಲಿ ಮೆರವಣಿಗೆ ಇರಲಿಲ್ಲ. ಆದರೂ 2021ರಲ್ಲಿ ಕೆಲವು ಕೇರಿಯವರು ತೇರು ಕಟ್ಟಿ ನಿಲ್ಲಿಸಿದರು, ಹಗ್ಗ ಬಿಗಿಯುವ ಕೈ ಮರೆಯಬಾರದು ಅಂತ. ಸೀಟಿಲ್ಲ, ಮೆರವಣಿಗೆ ಇಲ್ಲ. ಕೆಲಸ ಮಾತ್ರ ನಡೆಯಿತು.

ಶಿರಸಿ_ಸುಮಾ

ಸರಿ, ಈಗ ಒಪ್ಪಿದೆ. ಈ ಜುಲೈಗೆ ನಾವು ನಾಲ್ಕು ಜನ ಬರ್ತಿದ್ದೀವಿ, ಅತ್ತೆಯವರಿಗೆ ಮಂಡಿ ನೋವು. ಏನು ನೋಡಬೇಕು, ಎಲ್ಲಿ ದುಡ್ಡು ಕೊಡಬೇಕು ಹೇಳಿ.

ಕಾಮೋ_ದಂಡೆ

ಅತ್ತೆಯವರಿಗೆ ಸಾಮಾನ್ಯ ಸೀಟು ತಗೊಳ್ಳಿ, ತಪ್ಪೇನಿಲ್ಲ. ನೀವು ಮಿಕ್ಕವರು ಮೂಲೆ ತಿರುವಿಗೆ ಬನ್ನಿ. ತೇರಿನ ಚಕ್ರ ಎಡಕ್ಕೋ ಬಲಕ್ಕೋ ಹೊರಳುವುದಿಲ್ಲ. ಸೀಳಿದ ಬಿದಿರನ್ನು ಚಕ್ರದ ಕೆಳಗೆ ಹಾಸಿ, ನೀರು ಎರಚಿ, ಪಕ್ಕದಿಂದ ಎಳೆದು ಜಾರಿಸುತ್ತಾರೆ. ಮುಂದೆ ನಿಂತವರು ಬೀಸಣಿಗೆ ಎತ್ತಿ ಕೂಗು ಹಾಕಿದಾಗ 12 ಟನ್ನು ಒಮ್ಮೆಲೇ ಕಿರುಗುಟ್ಟಿ ಸರಿಯುತ್ತೆ. ಸಂಜೆ ಪಲ್ಲಕ್ಕಿ ನೋಡದೆ ಹೋಟೆಲಿಗೆ ಹೋಗಬೇಡಿ.

ಜನಜಂಗುಳಿ ಬೇಡ ಅನ್ನಿಸಿದರೆ 24ರ ಮೆರವಣಿಗೆಗೆ ಬನ್ನಿ. 11 ತೇರು. ಅದರ ಹಿಂದಿನ ರಾತ್ರಿಗಳಲ್ಲಿ ತಿಂಡಿ ಅಂಗಡಿಗಳ ಸಾಲು ಇರುವುದಿಲ್ಲ, ದೀಪದ ಬೆಳಕಲ್ಲಿ ನಿಧಾನವಾಗಿ ನಡೆಯಬಹುದು. ಚಿಮಾಕಿಯನ್ನು ಕೇರಿಯ ಮೇಜಿನಲ್ಲೇ ಕೊಳ್ಳಿ. ಆನ್‌ಲೈನ್‌ನಲ್ಲಿ ಜಾಸ್ತಿ ಬೆಲೆಗೆ ಮರುಮಾರಾಟ ಮಾಡುವವರಿದ್ದಾರೆ, ಅವರಿಗೆ ಒಂದು ಯೆನ್ನೂ ಕೊಡಬೇಡಿ. ತಾಕಾಯಾಮಾ ಕೇರಿಯಲ್ಲಿ ಕೊಂಡರೆ ನನಗೆ ವಿಶೇಷ ಖುಷಿ.

ತೊಕುಶಿಮಾ_ತಂಗಿ

ಸುಮಾ ಅಕ್ಕಾ, ಆಗಸ್ಟ್‌ವರೆಗೆ ಇದ್ದರೆ ಇಲ್ಲಿಗೂ ಬನ್ನಿ. ಪ್ರವಾಸಿಗರನ್ನೂ ಸೇರಿಸಿಕೊಂಡು ಕುಣಿಯುವ ತಂಡ ಇದೆ. ಉಡುಪೂ ಬೇಡ. ಅತ್ತೆಯವರಿಗೆ ಕುರ್ಚಿ ನಾನು ಹಾಕಿಸ್ತೀನಿ.